ಉಪವಾಸದ ದಿನ ಪಾತ್ರೆ ಜಾಸ್ತಿ

ಉಡುಪಿಯಲ್ಲಿ ಯಾರ ಮನೆಯಲ್ಲಿ ಏಕಾದಶಿ ಜೋರಾಗಿದೆ ಅಂತ ತಿಳಿಯಬೇಕಾದರೆ ದೇವರ ಕೋಣೆಗೆ ಇಣುಕಬೇಡಿ. ಪಾತ್ರೆ ತೊಳೆಯುವ ಜಾಗ ನೋಡಿ. ಬೇರೆ ದಿನ ಒಂದು ಅನ್ನ, ಒಂದು ಸಾರು, ಒಂದು ಪಲ್ಯ, ಮುಗಿಯಿತು. ಏಕಾದಶಿ ಬಂತೋ, ಉಪ್ಪಿಟ್ಟಿಗೊಂದು ಬಾಣಲೆ, ಸಾಬಕ್ಕಿಗೊಂದು, ಗೋಧಿ ದೋಸೆಗೆ ಕಾವಲಿ, ನಡುವೆ ಬಾಯಿ ಒಣಗುತ್ತದೆ ಅಂತ ಬಾಳೆಹಣ್ಣಿನ ಹಲ್ವ. ಉಪವಾಸದ ಪುಣ್ಯ ಯಜಮಾನರಿಗೆ, ತಳ ಹಿಡಿದ ಬಾಣಲೆ ಮನೆಯ ಹೆಂಗಸರಿಗೆ.

ನಿಜವಾಗಿ ನೀರೂ ಮುಟ್ಟದೆ ಇರುವವರು ಈಗಲೂ ಇದ್ದಾರೆ. ಅವರ ತಂಟೆಗೆ ನಾನು ಬರುವುದಿಲ್ಲ. ಕೃಷ್ಣಮಠದಲ್ಲೂ ಅವತ್ತು ಊಟ ಬಡಿಸುವುದಿಲ್ಲ. ನನ್ನ ತಕರಾರು ಪಲಾರದ ಪಾರ್ಟಿಯ ಮೇಲೆ ಮಾತ್ರ.

ಅವರ ಶನಿವಾರದ ಒಪ್ಪತ್ತನ್ನೇ ನೋಡಿ. ಮಧ್ಯಾಹ್ನ ಊಟ, ರಾತ್ರಿ ಅನ್ನ ಇಲ್ಲ. ಅಕ್ಕಿಯನ್ನು ತೊಳೆದು ಬೇಯಿಸಿದರೆ ಅನ್ನ, ಮುಸುರೆ, ವ್ರತ ಕೆಟ್ಟಿತು. ಅದೇ ಅಕ್ಕಿಯನ್ನು ನೆನೆಸಿ, ರುಬ್ಬಿ, ಕಾವಲಿ ಮೇಲೆ ಹೊಯ್ದು, ತುಪ್ಪ ಸುರಿದು, ಚಟ್ನಿ ಜೊತೆ ಆರೋ ಏಳೋ ಇಳಿಸಿದರೆ ಪಲಾರ, ಪುಣ್ಯ. ಮೋಕ್ಷಕ್ಕೂ ನರಕಕ್ಕೂ ನಡುವೆ ಇರುವುದು ಒಂದು ಗ್ರೈಂಡರ್ ಅಷ್ಟೇ. ಕರೆಂಟ್ ಹೋದರೆ ಏನು ಗತಿ ಅಂತ ಯಾವ ಶಾಸ್ತ್ರದಲ್ಲೂ ಬರೆದ ಹಾಗೆ ಕಾಣೆ.

ಹಾಗಂತ ಈ ಊರಿಗೆ ನಾಲಿಗೆಯ ಮೇಲೆ ಎಂದೂ ದ್ವೇಷ ಇರಲಿಲ್ಲ. ಚಾತುರ್ಮಾಸ್ಯದಲ್ಲಿ ಮೊದಲ ತಿಂಗಳು ತರಕಾರಿ ಬಿಡಿ, ಆಮೇಲೆ ಮೊಸರು ಬಿಡಿ, ಹಾಲು ಬಿಡಿ, ಕೊನೆಗೆ ಬೇಳೆ ಬಿಡಿ ಅಂದರೆ, ಬಿಟ್ಟದ್ದರ ನೆನಪೇ ಬಾರದ ಹಾಗೆ ಅಡುಗೆ ಮಾಡಿ ತೋರಿಸಿದ ಊರು ಇದು. ಮಾಧ್ವ ಯತಿ ವಾದಿರಾಜರು ಬೀಜ ಕೊಟ್ಟರು ಅಂತ ಮಟ್ಟು ಊರಿನವರು ಇಂದಿಗೂ ಹೆಮ್ಮೆಯಿಂದ ಹೇಳುವ ಗುಳ್ಳ ಬದನೆಗೆ 2011ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆಯೂ ಸಿಕ್ಕಿತು. ಒಬ್ಬ ಸನ್ಯಾಸಿಯ ಹೆಸರಲ್ಲಿ ಬದನೆಕಾಯಿ! ಅದೇ ವಾದಿರಾಜರು ಕಡಲೆಬೇಳೆ, ಬೆಲ್ಲ, ಕಾಯಿತುರಿಯ ಹಯಗ್ರೀವ ಮಾಡಿ ತಲೆ ಮೇಲೆ ಇಟ್ಟುಕೊಂಡರೆ ದೇವರೇ ಕುದುರೆಯಾಗಿ ಬಂದು ತಿನ್ನುತ್ತಿದ್ದನಂತೆ. ದೇವರನ್ನೂ ಹೊಟ್ಟೆಯನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿದ ಊರಿನವರು ನಾವು. ಆಸೆ ಇದೆ ಅಂತ ಒಪ್ಪಿಕೊಳ್ಳಲು ನಮಗೇನು ಕಷ್ಟ? ಆದರೆ ಇಲ್ಲ, ನಮಗೆ ಹೋಳಿಗೆಯೂ ಬೇಕು, ವೈರಾಗ್ಯದ ಸರ್ಟಿಫಿಕೇಟೂ ಬೇಕು.

ಮಂಗಳೂರು ಕಡೆಯ ಯಾವುದಾದರೂ ದೇವಸ್ಥಾನದ ಬ್ರಹ್ಮಕಲಶೋತ್ಸವದ ಧಾರ್ಮಿಕ ಸಭೆಗೆ ಹೋಗಿ ನೋಡಿ. ವೇದಿಕೆ ಮೇಲೆ ಇಂದ್ರಿಯ ನಿಗ್ರಹದ ಭಾಷಣ. ಇಂದ್ರಿಯಗಳು ಹುಚ್ಚು ಕುದುರೆಗಳು, ಲಗಾಮು ಹಾಕಬೇಕು, ಇತ್ಯಾದಿ. ಚಪ್ಪರದ ಹಿಂದಿನಿಂದ ಇಂಗಿನ ಒಗ್ಗರಣೆಯ ಪರಿಮಳ ಬರುತ್ತಲೇ ಹಿಂದಿನ ಸಾಲಿನ ಕುದುರೆಗಳು ಒಂದೊಂದೇ ಏಳುತ್ತವೆ. ಫೋನ್ ಬಂದವರ ಹಾಗೆ ಕಿವಿಗೆ ಕೈ ಇಟ್ಟು ಏಳುವುದು ಮರ್ಯಾದೆಯ ಕ್ರಮ. ಪಾಯಸದ ಬಾಲ್ದಿ ವೇದಿಕೆಯ ಪಕ್ಕದಲ್ಲೇ ಹಾದು ಹೋದಾಗ ಭಾಷಣಕಾರರ ಕಣ್ಣು ಬಾಲ್ದಿಯ ಜೊತೆಗೇ ಮೂಲೆಯ ತನಕ ಹೋಗಿ ಬರುತ್ತದೆ. ಆಮೇಲೆ ಮಾತಿನ ವೇಗ ನೋಡಬೇಕು! ಕಾಮ, ಕ್ರೋಧಕ್ಕೆ ಅರ್ಧ ಗಂಟೆ ತೆಗೆದುಕೊಂಡವರು ಲೋಭ, ಮೋಹ, ಮದ, ಮತ್ಸರವನ್ನು ಒಂದೇ ಉಸಿರಲ್ಲಿ ಮುಗಿಸಿ ಶಾಲಿಗೆ ಹೆಗಲು ಕೊಡುತ್ತಾರೆ.

ಇನ್ನು ಮೀನಿನ ಲೆಕ್ಕ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ಸರ್ಕಾರದ್ದೇ ವ್ರತ. ಆ ಎರಡು ತಿಂಗಳು ಸೋಮವಾರ ಶನಿವಾರ ಮೀನು ಬಿಡುವವರೂ ಐಸಿನ ಬಂಗುಡೆಗೆ ಒಗ್ಗಿಕೊಂಡು ಹೇಗೋ ಕಳೆಯುತ್ತಾರೆ. ಆಗಸ್ಟಿನಲ್ಲಿ ಮಲ್ಪೆ ಬಂದರಿಗೆ ತಾಜಾ ಮೀನು ಬಂತು ಅನ್ನುವಾಗ, ಚೌತಿಯ ತನಕ ಮೀನು ಬಿಡಬೇಕಾದ ಸೋಣ ತಿಂಗಳು ಬಂದು ಕೂರುತ್ತದೆ, ಪಾಪ. ಚೌತಿಯ ಮರುದಿನ ಮೀನಿನ ದಕ್ಕೆಯ ಕಡೆ ಹೋಗಬೇಡಿ, ಸ್ಕೂಟರ್ ನಿಲ್ಲಿಸಲೂ ಜಾಗ ಸಿಗುವುದಿಲ್ಲ.

ಅಯ್ಯಪ್ಪನ ಮಾಲೆಯದ್ದೂ ಇದೇ ಕತೆ. 41 ದಿನ ನೆಲದ ಮೇಲೆ ಮಲಗಿ, ಹೆಂಡತಿಯಿಂದ ದೂರ ಇದ್ದು, ಸಿಗರೇಟು ಸಹ ಮುಟ್ಟದವರನ್ನು ಕಂಡರೆ ನನಗೆ ಗೌರವವೇ. ಆದರೆ ಹಿಂದಿನ ರಾತ್ರಿ ಬಾರಿನಲ್ಲಿ "ನಾಳೆ ಮಾಲೆ ಹಾಕುವುದು ಮಾರಾಯ, ಇವತ್ತು ಇನ್ನೊಂದು ಹೇಳು" ಅಂತ 41 ದಿನದ ಕೋಟಾ ಒಟ್ಟಿಗೇ ಇಳಿಸುತ್ತಾರಲ್ಲ, ಅಯ್ಯಪ್ಪ ಅದನ್ನು ಯಾವ ಖಾತೆಗೆ ಬರೆಯುತ್ತಾನೋ.

ಈ ಸಲದ ಏಕಾದಶಿಗೆ ನಮ್ಮ ನೆಂಟರ ಮನೆಯಲ್ಲಿ ಗುಳ್ಳದ ಪೋಡಿ, ಅಂದರೆ ಬಜ್ಜಿ, ಆಗಬಹುದಾ ಅಂತ ದೊಡ್ಡ ಚರ್ಚೆ. ಕಡಲೆಹಿಟ್ಟು ಅಕ್ಕಿ ಅಲ್ಲ, ಗುಳ್ಳವಂತೂ ವಾದಿರಾಜರದ್ದೇ, ಎಣ್ಣೆಗೆ ಮೈಲಿಗೆ ಇಲ್ಲ ಅಂತ ಮಾವನವರು ಒಂದೊಂದೇ ಆಕ್ಷೇಪ ತೀರಿಸುತ್ತಾ ಬಂದರು. ಕೊನೆಗೆ ಅತ್ತೆ ಕಡ್ಡಿ ಮುರಿದ ಹಾಗೆ ಹೇಳಿದರು: "ಪೋಡಿ ಮಾಡುವ. ಆದರೆ ಹಿಟ್ಟಿಗೆ ಒಂದು ಚಮಚ ಅಕ್ಕಿಹಿಟ್ಟು ಸಹ ಹಾಕುವುದಿಲ್ಲ. ಗರಿಗರಿ ಆಗದಿದ್ದರೆ ಆಗದಿರಲಿ, ಏಕಾದಶಿ ಅಲ್ವಾ?"

ಅಷ್ಟು ಕಠಿಣ ವ್ರತ ಮಾವನವರಿಗೆ ಇಷ್ಟವಾದ ಹಾಗೆ ಕಾಣಲಿಲ್ಲ.