ಸುಮ್ಮನಿರುವ ಕೆಲಸ

ಪುಟ್ಟ ಮಕ್ಕಳು ತಾವೇ ಮಾಡಿ ಕಲಿಯುವ ಮಾಂಟೆಸ್ಸರಿ ಪದ್ಧತಿಯ ಟೀಚರ್ ತರಬೇತಿಯಲ್ಲಿ ಎಲ್ಲಕ್ಕಿಂತ ಕಷ್ಟದ ಪಾಠ ಸುಮ್ಮನೆ ಕೂರುವುದು. ಮಗು ಗುಂಡಿಯನ್ನು ತಪ್ಪು ಕಾಜಕ್ಕೆ ಹಾಕುತ್ತಿದೆಯಾ? ಕೂತಿರಿ. ನೀರು ಚೆಲ್ಲಿತಾ? ಒರೆಸುವ ಬಟ್ಟೆ ಎಲ್ಲಿದೆ ಅಂತ ಅದಕ್ಕೇ ಗೊತ್ತು, ಕೂತಿರಿ. ತಾನೇ ಮಾಡಿಕೊಳ್ಳುವ ಮಗುವಿನ ಕೆಲಸಕ್ಕೆ ದೊಡ್ಡವರು ಕೈ ಹಾಕಬಾರದು. ಕೇಳೋಕೆ ಸುಲಭ ಅಲ್ವಾ? ಅತ್ತೆ ಮಾವ ಇರುವ ಮೈಸೂರಿನ ಮನೆಯಲ್ಲಿ ಮಾಡಿ ನೋಡಿ.

ತರಬೇತಿಯಲ್ಲಿ ನಾವು ಸೀರೆ ಉಟ್ಟ ಹೆಂಗಸರು ಎದುರುಬದುರು ಕೂತು, ತುಟಿ ಬಿಚ್ಚದೆ, ನಿಧಾನಕ್ಕೆ ಚಾಪೆ ಸುತ್ತುವುದನ್ನು ಅಭ್ಯಾಸ ಮಾಡುತ್ತಿದ್ದೆವು. ಒಂದು ರಾತ್ರಿ ಮನೆಯಲ್ಲೂ ಮಾಡುತ್ತಿದ್ದೆ. ಯಜಮಾನರು ಬಾಗಿಲಲ್ಲಿ ನಿಂತು, "ಚಾಪೆ ಸುತ್ತೋಕೂ ಡಿಪ್ಲೊಮಾ ಬೇಕಾ?" ಅಂದರು. ತಾವು ಮಲಗಿದ ಹಾಸಿಗೆಯನ್ನು ಅವರು ಮಡಿಸಿದ್ದು ಇವತ್ತಿನವರೆಗೂ ನಾನು ಕಂಡಿಲ್ಲ.

ಸರಸ್ವತಿಪುರಂನ ನಮ್ಮ ಮನೆಯ ಹಾಲಿನಲ್ಲೇ ಶಾಲೆ ಶುರುವಾಯಿತು. ಸೋಫಾ ವರಾಂಡಕ್ಕೆ ಹೋಯಿತು. ಸೋಫಾದ ಹಿಂದೆಯೇ ಪೇಪರ್ ಹಿಡಿದು ಮಾವನವರೂ ಹೋದರು. ಅತ್ತೆ ಮಾತ್ರ ಹಾಲಿನಲ್ಲೇ ಉಳಿದರು.

"ಈ ಪದ್ಧತಿ ಮಾಡಿದ ಆಯಮ್ಮ ಎಲ್ಲಿಯವರೇ?" ಅಂತ ಕೇಳಿದರು.

"ಇಟಲಿಯವರು ಅತ್ತೆ. ಡಾಕ್ಟರು. 1907ರಲ್ಲಿ ರೋಮ್‌ನಲ್ಲಿ ಬಡ ಮಕ್ಕಳಿಗೆ ಅಂತ 'ಮಕ್ಕಳ ಮನೆ' ಅನ್ನೋ ಮೊದಲನೇ ಶಾಲೆ ತೆರೆದರು. 1939ರಲ್ಲಿ ಮದ್ರಾಸಿನ ಅಡ್ಯಾರಿಗೂ ಬಂದರು. ಯುದ್ಧ ಮುಗಿಯುವ ತನಕ ಇಂಡಿಯಾದಲ್ಲೇ ಇದ್ದರು."

"ಅಷ್ಟು ವರ್ಷ ಇಲ್ಲೇ ಇದ್ರಾ? ಹಾಗಿದ್ರೆ ಮಕ್ಕಳಿಗೆ ಕೈತುತ್ತು ಹಾಕೋದನ್ನ ನೋಡೇ ಇರ್ತಾರೆ," ಅಂದು, ಅತ್ತೆ ಡಬ್ಬಿ ಬಿಚ್ಚಲು ಒದ್ದಾಡುತ್ತಿದ್ದ ಮಗುವನ್ನು ಮಡಿಲಿಗೆ ಎಳೆದುಕೊಂಡು ಮೊಸರನ್ನ ತಿನ್ನಿಸಿಬಿಟ್ಟರು. ಉಳಿದ ಮಕ್ಕಳೂ ತಂತಮ್ಮ ಡಬ್ಬಿ ಹಿಡಿದು ಸಾಲಾಗಿ ನಿಂತವು. ಸ್ವಾವಲಂಬನೆಯ ಪಾಠ ಅವತ್ತಿಗೆ ಮುಗಿಯಿತು.

ಒಂದು ಜಗ್ಗಿನಿಂದ ಇನ್ನೊಂದಕ್ಕೆ ಕಾಳು ಸುರಿಯುವುದು ನಮ್ಮಲ್ಲಿ ಮೊದಮೊದಲು ಕೊಡುವ ಕೆಲಸ. ಕೈ ಹಿಡಿತಕ್ಕೆ ಬರುತ್ತದೆ, ಮುಂದೆ ಪೆನ್ಸಿಲ್ ಹಿಡಿಯಲೂ ಅನುಕೂಲ. ಹೆಸರುಕಾಳು ಇಟ್ಟಿದ್ದೆ. ಮಾರನೇ ದಿನ ನೋಡಿದರೆ ಎರಡೂ ಜಗ್ಗು ಖಾಲಿ. "ನೆಲದ ಮೇಲೆಲ್ಲ ಚೆಲ್ಲಾಡ್ತಿದ್ವು ಕಣೆ, ತೊಳೆದು ನೆನೆಹಾಕಿದೆ," ಅಂದರು ಅತ್ತೆ. ಮಧ್ಯಾಹ್ನ ಉಸಲಿ ಆಯಿತು. ಚೆನ್ನಾಗಿಯೇ ಇತ್ತು ಅನ್ನಿ.

ಪೋಷಕರದು ಇನ್ನೊಂದು ಕತೆ. "ಫೀಸು ಕೊಟ್ಟು ಕಾಳು ಸುರಿಯೋಕೆ ಕಳಿಸಬೇಕಾ ಮೇಡಂ?" ಅಂತ ನೇರವಾಗಿ ಕೇಳಿದವರಿದ್ದಾರೆ. ಉಪ್ಪುಕಾಗದದಲ್ಲಿ ಕತ್ತರಿಸಿದ ಅಕ್ಷರದ ಮೇಲೆ ಮಗು ಬೆರಳಾಡಿಸುತ್ತಾ ಅದರ ಉಚ್ಚಾರಣೆ ಕಲಿಯುತ್ತದೆ, ಬರವಣಿಗೆ ಅಲ್ಲಿಂದಲೇ ಶುರು ಅಂತ ವಿವರಿಸುತ್ತೇನೆ. ತಲೆ ಆಡಿಸುತ್ತಾರೆ. "ಸರಿ, ಎ ಬಿ ಸಿ ಡಿ ಯಾವಾಗ ಬರೆಸ್ತೀರಿ?" ಅಂತ ಕೇಳುತ್ತಾರೆ.

ಆದರೆ ಶಾಲೆಯ ಮಾನ ಉಳಿಸಿದ್ದು ಪಿಂಕ್ ಟವರ್. ಅದೂ ಒಂದು ಬಗೆಯಲ್ಲಿ. ಒಂದರ ಮೇಲೊಂದು ಇಟ್ಟು ಗೋಪುರ ಕಟ್ಟುವ 10 ಮರದ ಘನಗಳು ಅವು. ದೊಡ್ಡದು 10 ಸೆಂಟಿಮೀಟರ್, ಚಿಕ್ಕದು 1. ಒಂದಕ್ಕೂ ಇನ್ನೊಂದಕ್ಕೂ ಸರಿಯಾಗಿ ಒಂದು ಸೆಂಟಿಮೀಟರ್ ವ್ಯತ್ಯಾಸ. ಕಟ್ಟುವಾಗ ತಪ್ಪಾದರೆ ಮಗುವಿನ ಕಣ್ಣಿಗೇ ಹೊಳೆಯಬೇಕು, ಟೀಚರ್ ಹೇಳಬಾರದು. ಕಂಪನಿ ಸೆಟ್ಟಿನ ಬೆಲೆ ಕೇಳಿ ಬೆವರಿ, ನಂಜುಮಳಿಗೆ ಕಡೆಯ ಒಬ್ಬ ಆಚಾರ್ರಿಗೆ ಹೇಳಿ ಮಾಡಿಸಿದೆ. ಅವರ ಲೆಕ್ಕವೆಲ್ಲ ಇಂಚು, ನೂಲು. ಇಂಚಿಗೆ ಎಂಟು ನೂಲು. "ಒಂದು ಸೆಂಟಿಮೀಟರ್ ಅಂದ್ರೆ ಮೂರು ನೂಲು, ಚೂರು ಜಾಸ್ತಿ. ಮಕ್ಕಳಾಟಕ್ಕೆ ಅಷ್ಟೆಲ್ಲ ಯಾಕೆ ತಾಯಿ?" ಅಂದಿದ್ದರು.

ತಂದ ವಾರದೊಳಗೆ ಚಿಕ್ಕ ಘನ ಕಾಣೆಯಾಯಿತು. ಹಾಲೆಲ್ಲ ಹುಡುಕಿದೆ, ಮಕ್ಕಳ ಜೇಬು ನೋಡಿದೆ. ಸಿಕ್ಕಿದ್ದು ವರಾಂಡದಲ್ಲಿ, ಮಾವನವರ ಟೀಪಾಯಿಯ ಕಾಲಡಿ. "ಅಲ್ಲಾಡ್ತಿತ್ತು. ಅಳತೆ ಮಾಡಿ ಕೊಟ್ಟ ಹಾಗೆ ಕೂತ್ಕೊಳ್ತು ನೋಡು," ಅಂದರು. ಅವರಿಗೆ ಅದರಲ್ಲಿ ಹೆಮ್ಮೆ ಬೇರೆ.

ಬಾಕಿ ದುಡ್ಡಿಗೆ ಅಂತ ಆಚಾರ್ರು ಬಂದ ದಿನ ನಾಲ್ಕು ವರ್ಷದ ಒಬ್ಬ ಹುಡುಗ ಗೋಪುರ ಕಟ್ಟುತ್ತಿದ್ದ. ಆಚಾರ್ರು ಬಾಗಿಲ ಹತ್ತಿರವೇ ಕೂತು ನೋಡಿದರು. ಒಂದು ಮಾತೂ ಆಡಲಿಲ್ಲ, ಕೈಯನ್ನೂ ಚಾಚಲಿಲ್ಲ. ನಮ್ಮ ಮನೆಯಲ್ಲಿ ಪದ್ಧತಿಯನ್ನು ಚಾಚೂ ತಪ್ಪದೆ ಪಾಲಿಸಿದವರು ಅವರೊಬ್ಬರೇ. ಬಾಯಿ ತುಂಬ ಎಲೆಅಡಿಕೆ ಇತ್ತು ಅನ್ನುವುದು ಬೇರೆ ಮಾತು.

ಹುಡುಗ ಅರ್ಧಕ್ಕೆ ನಿಲ್ಲಿಸಿದ. ಎರಡು ಘನಗಳನ್ನು ಪಕ್ಕಪಕ್ಕ ಇಟ್ಟ, ತಿರುಗಿಸಿದ, ಮತ್ತೆ ಇಟ್ಟ. "ಆಂಟಿ, ಇವೆರಡೂ ಒಂದೇ."

ಆಚಾರ್ರು ಎದ್ದು ಹೋಗಿ ಗಿಡದ ಬುಡಕ್ಕೆ ಉಗಿದು ಬಂದರು. ಟೇಪು ತೆಗೆದು ಅಳೆದರು. ಇನ್ನೊಂದು ಸಲ ಅಳೆದರು. "ಹೌದು ತಾಯಿ, ಮೂರು ನೂಲು ತಿಂದೋಗದೆ. ನನ್ನ ಕಣ್ಣಿಗೇ ಬಿದ್ದಿರಲಿಲ್ಲ." ಆಮೇಲೆ ಹುಡುಗನನ್ನು ಮೇಲಿಂದ ಕೆಳಗೆ ನೋಡಿ, "ಈ ಮರೀನ ನನ್ನ ಜೊತೆ ಕಳಿಸ್ಕೊಡಿ. ಅಳತೆ ಹಿಡಿಯೋಕೆ ಒಳ್ಳೆ ಹುಡುಗರೇ ಸಿಕ್ತಿಲ್ಲ," ಅಂದರು.

ಎ ಬಿ ಸಿ ಡಿ ಯಾವಾಗ ಅಂತ ಮತ್ತೊಮ್ಮೆ ಕೇಳಲು ಬಂದಿದ್ದ ಅವನ ತಾಯಿ ಆಗಲೇ ಗೇಟಿನ ಒಳಗೆ ಕಾಲಿಟ್ಟಿದ್ದರು.