ತೂಕ ಇಷ್ಟು, ಊರು ಇಂಥದ್ದು

ಅಮೆರಿಕದ ಡಬ್ಲ್ಯುಡಬ್ಲ್ಯುಇ ಕಂಪನಿಯ ಟಿವಿ ಕುಸ್ತಿಯಲ್ಲಿ ನನಗೆ ಬಲು ಹಿಡಿಸುವುದು ಹೊಡೆದಾಟವಲ್ಲ, ಅದಕ್ಕೆ ಮುಂಚಿನ ಕೂಗು. ಕೋಟು ತೊಟ್ಟ ಒಬ್ಬ ಮಹಾಶಯರು ರಿಂಗಿನ ನಡುವೆ ಮೈಕು ಹಿಡಿದು ನಿಂತು, ಬರುತ್ತಿರುವವನ ಊರು ಯಾವುದು, ತೂಕ ಎಷ್ಟು ಪೌಂಡು ಎಂದೆಲ್ಲ ಹೇಳಿ, ಆಮೇಲೆ ಹೆಸರನ್ನು ರಾಗವಾಗಿ ಎಳೆಯುತ್ತಾರೆ. ಮದುವೆ ಮನೆಯಲ್ಲಿ ಹಿರಿಯರು ವಿಚಾರಿಸುವುದೂ ಹೆಚ್ಚುಕಡಿಮೆ ಹೀಗೇ. ‘ಯಾವೂರಾಯ್ತಪ್ಪಾ?’ ಮೊದಲು, ಹೆಸರು ಆಮೇಲೆ. ತೂಕವನ್ನು ಮಾತ್ರ ಬಾಯಿಬಿಟ್ಟು ಕೇಳುವುದಿಲ್ಲ, ನೋಡಿಯೇ ಅಂದಾಜು ಮಾಡಿಕೊಳ್ಳುತ್ತಾರೆ.

ಆ ಊರುಗಳನ್ನು ನಂಬುವ ಹಾಗಿಲ್ಲ. ದೀಪವೆಲ್ಲ ಆರಿ, ಗಂಟೆ ‘ಡಣ್’ ಎಂದ ಮೇಲೆ ನಡೆದು ಬರುವ ಅಂಡರ್‌ಟೇಕರ್ ಡೆತ್ ವ್ಯಾಲಿಯವನು ಎಂದು ಕೂಗುತ್ತಿದ್ದರು. ನಿಜಕ್ಕೆ ಆತ ಟೆಕ್ಸಸ್‌ನ ಹ್ಯೂಸ್ಟನ್ನಿನ ಮಾರ್ಕ್ ಕ್ಯಾಲವೇ. ಯೊಕೊಜುನಾ ಎಂಬ ಐನೂರು ಪೌಂಡು ಮೀರಿದ ಪರ್ವತವನ್ನು ಜಪಾನಿನ ಸುಮೋ ಎಂದು ತೋರಿಸಿದರು. ಆತ ಅಮೆರಿಕದಲ್ಲಿ ನೆಲೆಸಿದ ಸಮೋವಾ ಮನೆತನದವನು. 2017ರಲ್ಲಿ ರ‍್ಯಾಂಡಿ ಆರ್ಟನ್‌ನನ್ನು ಕೆಡವಿ ಚಾಂಪಿಯನ್ ಆದ ಜಿಂದರ್ ಮಹಲ್ ಪಂಜಾಬಿನವನು ಅಂದರು, ಹುಟ್ಟಿದ್ದು ನೋಡಿದರೆ ಕೆನಡಾದ ಕ್ಯಾಲ್ಗರಿಯಲ್ಲಿ. ಊರಿನ ವಿಷಯದಲ್ಲಿ ಅಪ್ಪಟ ಸತ್ಯ ಹೇಳಿಸಿಕೊಂಡವನು ನಮ್ಮ ಹಿಮಾಚಲದ ಗ್ರೇಟ್ ಖಲಿ. 2006ರಲ್ಲಿ ಆತ ಅಂಡರ್‌ಟೇಕರ್‌ನ ಎದೆಯ ಮೇಲೆ ಕಾಲಿಟ್ಟ ಮೇಲೆ, ಅಲ್ಲಿಯವರೆಗೆ ಅಂಡರ್‌ಟೇಕರ್‌ಗಾಗಿ ಪ್ರಾಣ ಬಿಡುತ್ತಿದ್ದ ನಮ್ಮ ಬೀದಿಯ ಹುಡುಗರು ಒಂದೇ ದಿನದಲ್ಲಿ ಪಕ್ಷಾಂತರ ಮಾಡಿದರು. ಹಿಮಾಚಲ ಎಲ್ಲಿದೆ ಎಂದು ಭೂಪಟದಲ್ಲಿ ತೋರಿಸು ಅಂದಿದ್ದರೆ ಅರ್ಧ ಹುಡುಗರು ತಡವರಿಸುತ್ತಿದ್ದರು. ಆದರೇನು, ನಮ್ಮವನು!

ಪಕ್ಕದ ಮನೆ ಮೇಷ್ಟ್ರಿಗೆ ಇದೆಲ್ಲ ಕಂಡರೆ ಆಗುವುದಿಲ್ಲ. ‘ಅದೆಲ್ಲಾ ಡೂಪು ಕಣಪ್ಪಾ, ಮೊದ್ಲೇ ಬರ‍್ದಿಟ್ಟಿರ‍್ತಾರೆ, ನಿನ್ನಂಥ ಓದಿದವ್ನು ನೋಡ್ತೀಯಲ್ಲ’ ಅನ್ನುತ್ತಾರೆ. ಅವರೇನೋ ಗುಟ್ಟು ಪತ್ತೆ ಮಾಡಿದವರಂತೆ ಹೇಳುತ್ತಾರೆ. ಆ ಕಂಪನಿಯವರೇ 1989ರಲ್ಲಿ ನ್ಯೂಜೆರ್ಸಿಯ ಸೆನೆಟ್ಟಿಗೆ ‘ನಮ್ಮದು ಸ್ಪರ್ಧೆಯಲ್ಲ ಸ್ವಾಮಿ, ಬರೀ ಮನರಂಜನೆ’ ಎಂಬ ಅರ್ಥದಲ್ಲಿ ಹೇಳಿ, ಕ್ರೀಡಾ ಆಯೋಗದ ಕಟ್ಟುಪಾಡುಗಳಿಂದ ನುಣುಚಿಕೊಂಡರು. ಯಕ್ಷಗಾನದಲ್ಲಿ ಕೀಚಕ ಸಾಯುತ್ತಾನೆಂದು ಗೊತ್ತಿದ್ದೂ ಬೆಳಗಿನವರೆಗೆ ಕೂರುವ ಜನ ನಾವು. ಇದಕ್ಕೆ ಮಾತ್ರ ಯಾಕೆ ಪುರಾವೆ ಕೇಳಬೇಕು? ನನ್ನ ತಕರಾರು ಬೇರೆ. ಮೂರು ಗಂಟೆಯ ಕಾರ್ಯಕ್ರಮದಲ್ಲಿ ಕುಸ್ತಿಗಿಂತ ಭಾಷಣವೇ ಜಾಸ್ತಿಯಾಗಿದೆ. ಒಬ್ಬ ಮೈಕು ಹಿಡಿದರೆ ಬಿಡುವುದಿಲ್ಲ. ಅವನನ್ನು ತಡೆಯಲು ಬಂದ ಇನ್ನೊಬ್ಬನ ಕೈಯಲ್ಲೂ ಒಂದು ಮೈಕು.

ಆದರೂ ಆ ಭಾಷಣಗಳಲ್ಲೇ ಒಂದು ಹಳೆಯ ವಿದ್ಯೆ ಇದೆ. ಮಿಕ್ ಫೋಲಿ ಎಂಬ ಗಡ್ಡದ ಮನುಷ್ಯ ಯಾವ ಊರಿಗೆ ಹೋದರೂ ಮಾತಿನ ನಡುವೆ ‘ಇಲ್ಲೇ, ಇದೇ ಊರಿನಲ್ಲಿ...’ ಎಂದು ಆ ಊರಿನ ಹೆಸರು ಹೇಳಿ ಹೆಬ್ಬೆರಳೆತ್ತಿ ಹಲ್ಲು ಬಿಡುತ್ತಿದ್ದ. ಅಷ್ಟಕ್ಕೇ ಇಡೀ ಸಭಾಂಗಣ ಎದ್ದು ನಿಂತು ಅರಚುತ್ತಿತ್ತು. ಖಳನ ಪಾತ್ರದವನದು ಇದೇ ವಿದ್ಯೆಯ ಉಲ್ಟಾ. ಅವನು ಬಂದವನೇ ಆ ಊರಿನ ಫುಟ್‌ಬಾಲ್ ತಂಡ ಲಾಯಕ್ಕಿಲ್ಲ ಎನ್ನುತ್ತಾನೆ. ಮುಗಿಯಿತು, ಮುಂದಿನ ಐದು ನಿಮಿಷ ಅವನ ಮಾತು ಯಾರಿಗೂ ಕೇಳಿಸುವುದಿಲ್ಲ. ಈ ಕಸುಬಿನವರು ಮೊದಲನೆಯದಕ್ಕೆ ‘ಚೀಪ್ ಪಾಪ್’ ಎನ್ನುತ್ತಾರೆ, ಎರಡನೆಯದಕ್ಕೆ ‘ಚೀಪ್ ಹೀಟ್’. ಅಗ್ಗದ್ದೇನೋ ಹೌದು. ಬೆವರು ಹರಿಸಬೇಕಿಲ್ಲ, ಹಗ್ಗದ ಮೇಲಿಂದ ಹಾರಬೇಕಿಲ್ಲ, ಬೆಳಗ್ಗೆ ಹೋಟೆಲಿನಲ್ಲಿ ಪೇಪರ್ ನೋಡಿ ಊರಿನ ತಂಡ ಯಾವುದು ಎಂದು ತಿಳಿದುಕೊಂಡರೆ ಸಾಕು.

ನಾವು ನಗುವ ಹಾಗಿಲ್ಲ. ಆರ್‌ಸಿಬಿಯ ವಿದೇಶಿ ಆಟಗಾರನೊಬ್ಬ ವಿಮಾನ ಇಳಿದು ‘ನಮಸ್ಕಾರ ಬೆಂಗಳೂರು’ ಎಂದರೆ ನಾವು ಕರಗಿ ನೀರಾಗುತ್ತೇವೆ. ಜೊತೆಗೆ ‘ಈ ಸಲ ಕಪ್ ನಮ್ದೇ’ ಎಂದುಬಿಟ್ಟರಂತೂ ಅವನಿಗೆ ರೇಷನ್ ಕಾರ್ಡ್ ಕೊಡಲೂ ತಯಾರು. 2024ರಲ್ಲಿ ತಂಡದ ಹೆಸರಿನಲ್ಲಿದ್ದ ಬ್ಯಾಂಗಲೋರ್ ಹೋಗಿ ಬೆಂಗಳೂರು ಆದಾಗ ನಾನೂ ಚಪ್ಪಾಳೆ ತಟ್ಟಿದೆ. ಊರಿಗೆ ಸರ್ಕಾರವೇ 2014ರಲ್ಲಿ ಆ ಹೆಸರು ಕೊಟ್ಟಾಗಿತ್ತು. ತಂಡಕ್ಕೆ ಅದು ತಲುಪಲು ಇನ್ನೂ ಹತ್ತು ವರ್ಷ ಬೇಕಾಯಿತು. ಇರಲಿ, ಟ್ರಾಫಿಕ್ಕು.

ಜನರ ಗುಂಪು ಹೇಗೆ ತಿರುಗಿಬೀಳುತ್ತದೆ, ಹೇಗೆ ಒಲಿಯುತ್ತದೆ ಎನ್ನುವುದರಲ್ಲಿ ಕುಸ್ತಿ ಟಿವಿಯನ್ನು ಮೀರಿಸಿದ ಪಾಠಶಾಲೆ ಇಲ್ಲ. 1997ರಲ್ಲಿ ಅಮೆರಿಕದ ಪ್ರೇಕ್ಷಕರಿಗೆ ಬ್ರೆಟ್ ಹಾರ್ಟ್ ಖಳನಾಯಕ, ಸ್ಟೀವ್ ಆಸ್ಟಿನ್ ವೀರ. ಆ ಜುಲೈಯಲ್ಲಿ ಅದೇ ತಂಡ ಬ್ರೆಟ್‌ನ ತವರು ಕ್ಯಾಲ್ಗರಿಗೆ ಹೋಯಿತು. ಕಥೆ ಒಂದಕ್ಷರ ಬದಲಾಗಿರಲಿಲ್ಲ, ಆದರೆ ಅಲ್ಲಿ ಬ್ರೆಟ್ ದೇವರು, ಆಸ್ಟಿನ್‌ಗೆ ಕಿವಿ ಕಿತ್ತುಹೋಗುವಷ್ಟು ಛೀಮಾರಿ. ಗಡಿ ದಾಟಿದ್ದೇ ತಡ, ಪುಣ್ಯ ಪಾಪ ಅದಲುಬದಲು.

ನಮ್ಮಲ್ಲಿ ಇದನ್ನು ಯಾರೂ ಬರೆಯದೆಯೇ ಆಡಿ ತೋರಿಸಿದವರು ಹಾರ್ದಿಕ್ ಪಾಂಡ್ಯ. 2024ರ ಐಪಿಎಲ್‌ನಲ್ಲಿ ರೋಹಿತ್ ಶರ್ಮಾ ಜಾಗಕ್ಕೆ ನಾಯಕರಾಗಿ ಬಂದಾಗ, ವಾಂಖೆಡೆಯಲ್ಲಿ ಮುಂಬೈ ಜನ ತಮ್ಮದೇ ನಾಯಕನಿಗೆ ಹುಯ್ಯೋ ಎಂದರು. ಜೂನ್ ಕೊನೆಗೆ ಅದೇ ಹಾರ್ದಿಕ್ ಟಿ20 ವಿಶ್ವಕಪ್ ಫೈನಲ್ಲಿನ ಕಡೇ ಓವರ್ ಎಸೆದು ಗೆಲ್ಲಿಸಿ ಬಂದರು, ಅದೇ ವಾಂಖೆಡೆ ‘ಹಾರ್ದಿಕ್, ಹಾರ್ದಿಕ್’ ಎಂದು ಕುಣಿಯಿತು. ಯಾವ ಕುಸ್ತಿ ಕಥೆಗಾರನೂ ಇಷ್ಟು ಬೇಗ ಖಳನನ್ನು ನಾಯಕನನ್ನಾಗಿ ಮಾಡಲು ಧೈರ್ಯ ಮಾಡುವುದಿಲ್ಲ, ಜನ ಒಪ್ಪಲಾರರೆಂದು ಹೆದರುತ್ತಾನೆ. ಒಂದು ವ್ಯತ್ಯಾಸವನ್ನಂತೂ ಹೇಳಲೇಬೇಕು. ಕುಸ್ತಿ ನೋಡುವವನು ಖಳನಿಗೆ ಬೈದರೂ, ಅವನು ತನ್ನ ಕೆಲಸ ಮಾಡುತ್ತಿದ್ದಾನೆ ಎಂಬುದು ಒಳಗೊಳಗೇ ಗೊತ್ತಿರುತ್ತದೆ. ಬೈದು ಮುಗಿಸಿ ಟಿವಿ ಆರಿಸಿ ಮಲಗುತ್ತಾನೆ. ಕ್ರಿಕೆಟ್ ಅಭಿಮಾನಿ ಹಾಗಲ್ಲ. ಕ್ಯಾಚ್ ಬಿಟ್ಟವನ ಹೆಂಡತಿ ಮಕ್ಕಳನ್ನೂ ಸೇರಿಸಿ ಮೊಬೈಲಿನಲ್ಲಿ ರಾತ್ರಿಯೆಲ್ಲ ಬರೆಯುತ್ತಾನೆ. ಮೇಷ್ಟ್ರು ಡೂಪು ಎನ್ನುವ ಆಟದ ಪ್ರೇಕ್ಷಕನೇ ಈ ವಿಷಯದಲ್ಲಿ ಹೆಚ್ಚು ಮರ್ಯಾದಸ್ಥ.

ಕಳೆದ ಕೆಲವು ವರ್ಷಗಳಲ್ಲಿ ನಾನು ನೋಡಿದ ಅತ್ಯುತ್ತಮ ಕುಸ್ತಿ ದೃಶ್ಯ ನಡೆದದ್ದು ಚಿನ್ನಸ್ವಾಮಿ ಮೈದಾನದಲ್ಲಿ, 2025ರ ಏಪ್ರಿಲ್ 10ರಂದು. ಎದುರಾಳಿ ಡೆಲ್ಲಿ. ಗೆಲ್ಲಲು 164 ಬೇಕು. ಡೆಲ್ಲಿಯ ಪರವಾಗಿ ಆಡುತ್ತಿದ್ದವನು ನಮ್ಮ ಕೆ.ಎಲ್. ರಾಹುಲ್, ಕರ್ನಾಟಕದ ಹುಡುಗ, ಹಿಂದೆ ಆರ್‌ಸಿಬಿಯ ಅಂಗಿಯನ್ನೂ ತೊಟ್ಟಿದ್ದವನು. ಔಟಾಗದೆ 93 ಹೊಡೆದ. ಕೊನೆಗೊಂದು ಸಿಕ್ಸರ್ ಎತ್ತಿ ಆಟ ಮುಗಿಸಿದವನೇ, ಸಾಮಾನ್ಯವಾಗಿ ಮುಖದಲ್ಲಿ ಒಂದು ಗೆರೆಯೂ ಅಲುಗದ ಆ ಮನುಷ್ಯ, ಬ್ಯಾಟಿನಿಂದ ನೆಲದ ಮೇಲೆ ಸುತ್ತಲೂ ಗೀಟೆಳೆದ. ನಡುವೆ ಬ್ಯಾಟನ್ನು ಊರಿ ಕುಕ್ಕಿದ. ಎದೆ ತಟ್ಟಿಕೊಂಡ. ಇದು ನನ್ನ ನೆಲ ಎಂದು ಬಾಯಲ್ಲಿ ಹೇಳಬೇಕಾಗಿರಲಿಲ್ಲ.

ಆಗ ನಮ್ಮ ಮನೆಯಲ್ಲಾದ ಗೊಂದಲ ನೋಡಬೇಕಿತ್ತು. ಅಕ್ಕನ ಮಗ ‘ಮಾವಾ, ಈಗ ಚಪ್ಪಾಳೆ ಹೊಡೀಬೇಕಾ, ಬೇಡ್ವಾ?’ ಎಂದು ಕೈ ಎರಡನ್ನೂ ಗಾಳಿಯಲ್ಲಿ ಹಿಡಿದುಕೊಂಡು ಕೇಳಿದ. ನನ್ನ ಬಳಿ ಉತ್ತರ ಇರಲಿಲ್ಲ. ಸೋತದ್ದು ನಮ್ಮ ಊರಿನ ತಂಡ, ಸೋಲಿಸಿದವನು ನಮ್ಮ ಊರಿನವನು. ನಮ್ಮ ತಂಡದಲ್ಲೋ ದಿಲ್ಲಿಯ ಕೊಹ್ಲಿ, ಇಂದೋರಿನ ಪಾಟಿದಾರ್, ಬರೋಡಾದ ಕೃಣಾಲ್. ಅವರ ತಂಡದಲ್ಲಿ ಕನ್ನಡ ಬಲ್ಲ ರಾಹುಲ್, ಕರುಣ್ ನಾಯರ್. ಹರಾಜಿನಲ್ಲಿ ಕೂತವರು ಊರುಗಳನ್ನು ಇಸ್ಪೀಟು ಕಲಸಿದ ಹಾಗೆ ಕಲಸಿ ಹಂಚಿದ್ದಾರೆ. ಅಂಡರ್‌ಟೇಕರ್‌ನ ಡೆತ್ ವ್ಯಾಲಿಗೂ ಇದಕ್ಕೂ ದೊಡ್ಡ ಅಂತರವೇನೂ ನನಗೆ ಕಾಣುವುದಿಲ್ಲ. ರಾಹುಲ್ ಮಾಡಿದ್ದೇನೆಂದರೆ, ಘೋಷಕ ತಪ್ಪು ಊರು ಕೂಗಿದಾಗ ಮೈಕು ಕಿತ್ತುಕೊಂಡು ತಿದ್ದಿದ್ದು.

ಹಾಗಾದರೆ ಐಪಿಎಲ್ಲೂ ಬರೆದಿಟ್ಟದ್ದೇ ಎಂದು ಮೇಷ್ಟ್ರು ಕೇಳಿದರು. ಖಂಡಿತ ಅಲ್ಲ, ಅದಕ್ಕೆ ಆರ್‌ಸಿಬಿಯೇ ಸಾಕ್ಷಿ. ಬರೆಯುವವರು ಯಾರಾದರೂ ಇದ್ದಿದ್ದರೆ 2016ರಲ್ಲೇ ಕಪ್ಪು ಕೊಟ್ಟುಬಿಡುತ್ತಿದ್ದರು. ಆ ವರ್ಷ ಕೊಹ್ಲಿ ನಾಲ್ಕು ಶತಕ ಸಹಿತ 973 ರನ್ ಹೊಡೆದಿದ್ದರು. ಫೈನಲ್ ನಮ್ಮದೇ ಚಿನ್ನಸ್ವಾಮಿಯಲ್ಲಿ. ಹೈದರಾಬಾದಿನ 208ನ್ನು ಬೆನ್ನಟ್ಟುತ್ತ ಹತ್ತೂವರೆ ಓವರಿಗೆ ವಿಕೆಟ್ ಬೀಳದೆ 114. ಗೇಲ್ 38 ಎಸೆತಕ್ಕೆ 76. ಅಲ್ಲಿಂದ ಎಂಟು ರನ್ನಿಗೆ ಸೋಲುವುದನ್ನು ಯಾವ ಕಥೆಗಾರ ಬರೆದಾನು? ಬರೆದರೂ ಸಂಪಾದಕರು ವಾಪಸು ಕಳಿಸುತ್ತಾರೆ.

ತಡೆಯಿರಿ, ಕುಸ್ತಿ ಕಥೆಗಾರರ ಬಗ್ಗೆ ನಾನು ಹೇಳಿದ್ದು ಅಷ್ಟು ಗಟ್ಟಿಯಲ್ಲ. ಅವರಿಗೆ ಊರ ಹುಡುಗನನ್ನು ಊರವರ ಮುಂದೆಯೇ ಸೋಲಿಸುವ ಚಟವೊಂದಿದೆ. ಕ್ಯಾಲ್ಗರಿಯಲ್ಲಿ ದೇವರಾಗಿದ್ದ ಬ್ರೆಟ್ ಹಾರ್ಟ್‌ನನ್ನು ನಾಲ್ಕು ತಿಂಗಳ ನಂತರ ಅದೇ ಕೆನಡಾದ ಮಾಂಟ್ರಿಯಲ್‌ನಲ್ಲಿ, ಅವನದೇ ಪಟ್ಟಿನಲ್ಲಿ ಶಾನ್ ಮೈಕಲ್ಸ್ ಅವನನ್ನು ಹಿಡಿದಿದ್ದಾಗ, ಅವನು ಶರಣಾಗದಿದ್ದರೂ ಮಾಲೀಕನೇ ಗಂಟೆ ಹೊಡೆಸಿ ಸೋಲಿಸಿದ. ಬ್ರೆಟ್ ಬೇರೆ ಕಂಪನಿಗೆ ಹೊರಟಿದ್ದ, ಅವನ ಬಳಿಯಿದ್ದ ಚಾಂಪಿಯನ್ ಬೆಲ್ಟು ಅವನ ಜೊತೆ ಹೋಗಬಾರದಿತ್ತು. ಅವನು ಮಾಲೀಕ ವಿನ್ಸ್ ಮೆಕ್‌ಮಹೋನ್ ಮುಖಕ್ಕೆ ಉಗಿದ. ಅದನ್ನು ಯಾರೂ ಬರೆದುಕೊಟ್ಟಿರಲಿಲ್ಲ. ಆ ಲೆಕ್ಕದಲ್ಲಿ ಮೆಕ್‌ಮಹೋನ್ ಬರೆದಿದ್ದರೂ 2016ರಲ್ಲಿ ನಾವು ಸೋಲುತ್ತಿದ್ದೆವೇನೋ. ಗೆಲುವು ಬರಬೇಕಾದದ್ದು ಪರವೂರಿನಲ್ಲೇ.

ಬಂದದ್ದೂ ಪರವೂರಿನಲ್ಲೇ. 2025ರ ಜೂನ್ 3, ಅಹಮದಾಬಾದಿನಲ್ಲಿ ಐಪಿಎಲ್ ಫೈನಲ್, ಆರು ರನ್ನಿನ ಗೆಲುವು. ಈ ಆರಕ್ಕೆ ನಮ್ಮ ಮೇಲೆ ಹಳೆಯ ದ್ವೇಷವಿತ್ತು. 2009ರ ಐಪಿಎಲ್ ಫೈನಲ್‌ನಲ್ಲಿ ಡೆಕ್ಕನ್ ಚಾರ್ಜರ್ಸ್‌ಗೆ ಆರ್‌ಸಿಬಿ ಸೋತದ್ದು ಆರು ರನ್ನಿನಿಂದ. 2010ರ ಜನವರಿಯಲ್ಲಿ ನಮ್ಮ ಮೈಸೂರಿನ ಗಂಗೋತ್ರಿ ಮೈದಾನದಲ್ಲಿ ನಡೆದ ರಣಜಿ ಫೈನಲ್‌ನಲ್ಲಿ, 338ರ ಗುರಿಯನ್ನು ಮನೀಶ್ ಪಾಂಡೆಯ 144ರ ಬಲದಿಂದ ಬೆನ್ನಟ್ಟಿ, 331ಕ್ಕೆ ಮುಗಿದು ಕರ್ನಾಟಕ ಮುಂಬೈಗೆ ಸೋತದ್ದೂ ಆರು ರನ್ನಿನಿಂದ. ನನ್ನನ್ನು ಕೇಳಿದರೆ ಈ ಎರಡು ಸೋಲುಗಳಲ್ಲಿ ಇಂದಿಗೂ ನೋಯುವುದು ಮೈಸೂರಿನದ್ದೇ. ಆ ಹನ್ನೊಂದು ಜನರನ್ನು ಹರಾಜಿನಲ್ಲಿ ಕೊಂಡಿರಲಿಲ್ಲ. ಅಹಮದಾಬಾದಿನಲ್ಲಿ ಕೊನೆಯ ಓವರ್ ಮುಗಿಯುವ ಮೊದಲೇ ಕೊಹ್ಲಿ ಅತ್ತಾಗ ನಮ್ಮ ಮೇಷ್ಟ್ರೂ ಕನ್ನಡಕ ತೆಗೆದು ಒರೆಸಿಕೊಂಡರು, ಧೂಳಂತೆ. ಹನ್ನೊಂದರಲ್ಲಿ ಬೆಂಗಳೂರಿನ ಹುಡುಗ ಮಯಂಕ್ ಅಗರ್ವಾಲ್ ಒಬ್ಬನೇ, ಅವನೂ ಪಡಿಕ್ಕಲ್ ಗಾಯಗೊಂಡಿದ್ದರಿಂದ ಸೀಸನ್ ನಡುವೆ ಬಂದವನು. ಅಂದು ರಾತ್ರಿ ಈ ಲೆಕ್ಕ ಯಾರಿಗೆ ಬೇಕಿತ್ತು?

ಮರುದಿನ ಚಿನ್ನಸ್ವಾಮಿಯ ಗೇಟುಗಳ ಹೊರಗೆ ಕಾಲ್ತುಳಿತದಲ್ಲಿ ಹನ್ನೊಂದು ಜನ ಸತ್ತರು. ತಂಡವನ್ನು ನೋಡಲು ಬಂದವರು. ಇದನ್ನು ಬಿಟ್ಟು ಆ ಕಪ್ಪಿನ ಮಾತಾಡಲು ನನಗೆ ಬರುವುದಿಲ್ಲ, ಇದರ ಮೇಲೆ ತಮಾಷೆಯೂ ಇಲ್ಲ.

ಕುಸ್ತಿಯ ಹುಚ್ಚು ಇಷ್ಟಿರುವವನು ಊರಿನ ಕುಸ್ತಿಗೆ ಹೋಗುತ್ತೀಯೋ ಇಲ್ಲವೋ ಎಂದು ನೀವು ಕೇಳಬಹುದು. ಮೈಸೂರಿನಲ್ಲಿದ್ದುಕೊಂಡು ದಸರಾ ಕುಸ್ತಿಗೆ ಹೋಗದಿರುವುದು ಹೇಗೆ? ದೊಡ್ಡಕೆರೆ ಮೈದಾನದ ಪಕ್ಕ ದೇವರಾಜ ಅರಸು ಕ್ರೀಡಾಂಗಣದಲ್ಲಿ ನಡೆಯುತ್ತದೆ. ಮೊದಲೇ ಜೋಡಿ ಕಟ್ಟಿರುತ್ತಾರೆ. ಇಲ್ಲಿಯೂ ಮೈಕಿನಲ್ಲಿ ಪೈಲ್ವಾನರ ಹೆಸರು, ಊರು, ಗರಡಿ ಕೂಗುತ್ತಾರೆ. ಗರಡಿ ಮತ್ತು ಉಸ್ತಾದರ ಹೆಸರು ತಪ್ಪಿದರೆ ಅಲ್ಲೇ ಜಗಳ. ಬಣ್ಣದ ಹೊಗೆ ಇಲ್ಲ, ಪಟಾಕಿ ಇಲ್ಲ. ಇಬ್ಬರೂ ಕೆಮ್ಮಣ್ಣು ಎತ್ತಿ ಒಬ್ಬರ ಮೈಗೆ ಒಬ್ಬರು ಎರಚುತ್ತಾರೆ, ಬೆವರಿಗೆ ಕೈ ಜಾರಬಾರದಲ್ಲ. ಆಮೇಲೆ ಕುತ್ತಿಗೆಗೆ ಕುತ್ತಿಗೆ ಕೊಟ್ಟು ನಿಂತರೆಂದರೆ ನಿಂತರು. ಟಿವಿಗೆ ಒಗ್ಗಿದ ಕಣ್ಣಿಗೆ ಇದು ಮಹಾ ಪರೀಕ್ಷೆ. ‘ಹಿಡ್ಕೊಂಡೇ ನಿದ್ದೆ ಹೊಡೀತಾವ್ರಾ ಹೆಂಗೆ?’ ಎಂದು ಹಿಂದಿನ ಸಾಲಿನಿಂದ ಯಾರೋ ಕೂಗುತ್ತಾರೆ. ಹತ್ತಿರ ಕೂತರೆ ಮಾತ್ರ ಕಾಣುತ್ತದೆ: ಮೇಲಿರುವವನ ಹೆಬ್ಬೆರಳು ಇನ್ನೊಬ್ಬನ ಮಣಿಕಟ್ಟನ್ನು ಒಂದೊಂದೇ ಇಂಚು ಒಳಕ್ಕೆ ತಿರುವುತ್ತಿರುತ್ತದೆ, ಕೆಳಗಿನವನ ಹಿಮ್ಮಡಿ ಮಣ್ಣಿನಲ್ಲಿ ಗುಂಡಿ ತೋಡುತ್ತಿರುತ್ತದೆ.

ಕಳೆದ ಸಲ ಹೋದಾಗ ನಮ್ಮ ಊರಿನ ಹುಡುಗನಿಗೆ ಬೆಳಗಾವಿ ಕಡೆಯವನ ಜೊತೆ ಬಿದ್ದಿತ್ತು. ತುಂಬ ಹೊತ್ತು ಏನೂ ಆಗದೆ, ಜನ ಮೊಬೈಲು ನೋಡತೊಡಗಿದ ಹೊತ್ತಿಗೇ ನಮ್ಮವನು ಕಾಲು ಕೊಟ್ಟು ಎಳೆದ. ಇಬ್ಬರೂ ಒಟ್ಟಿಗೆ ಉರುಳಿದರು, ಧೂಳೆದ್ದಿತು, ತೀರ್ಪುಗಾರರು ಕೈ ಎತ್ತಿದರು. ‘ಬೆನ್ನು ಮಣ್ಣಿಗೆ ತಾಗಿಲ್ರೀ! ಭುಜ ಅಷ್ಟ ತಾಗೇತಿ!’ ಎಂದು ಆ ಕಡೆಯವರು ಗಲಾಟೆ ಎಬ್ಬಿಸಿದರು. ರೀಪ್ಲೇ ಇರಲಿಲ್ಲ, ಮೂರನೇ ಅಂಪೈರೂ ಇರಲಿಲ್ಲ. ಪಕ್ಕದಲ್ಲಿ ಕೂತಿದ್ದ ಮೇಷ್ಟ್ರನ್ನೇ ಒಬ್ಬ ಹಿಡಿದು, ‘ನೀವು ದೊಡ್ಡೋರು, ನೀವಾದ್ರೂ ಖರೇ ಹೇಳ್ರಿ’ ಎಂದ. ಮೇಷ್ಟ್ರು ಕೂತಿದ್ದ ಜಾಗದಿಂದ ಕಂಬವೊಂದು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಬದುಕೆಲ್ಲ ಪುರಾವೆ ಕೇಳಿದ ಮನುಷ್ಯ ಒಂದು ಕ್ಷಣವೂ ಯೋಚಿಸದೆ, ‘ಪೂರ್ತಿ ತಾಗಿತ್ತು ಕಣಪ್ಪಾ, ನಾನೇ ನೋಡ್ದೆ’ ಎಂದರು.