ಓಲೆ ಬಿದ್ದರೆ ಎಮ್ಮೆಯೂ ಸುಳ್ಳೇ?

ಇವತ್ತು ಕೊಪ್ಪಳದ ಒಂದು ವಿಮಾ ಕಚೇರಿಯಿಂದ ಹೊರಬರುವಾಗ ಮೈ ಉರಿಯುತ್ತಿತ್ತು. ಬಿಸಿಲಿಗಲ್ಲ, ಬಿಸಿಲು ನಮಗೇನು ಹೊಸದೇ? ನಾನು ಹೋದದ್ದು ನನ್ನ ಸ್ಕೂಟರಿನ ಕಾಗದಕ್ಕೆ. ನನ್ನ ಮುಂದೆ ಯಲಬುರ್ಗಾ ಕಡೆಯ ರೈತರೊಬ್ಬರು ಮೊಬೈಲ್ ಚಾಚಿಕೊಂಡು ನಿಂತಿದ್ದರು. ಅದರಲ್ಲಿ, ವಿಮೆ ಮಾಡಿಸಿದ್ದು ಈಗ ಸತ್ತಿರುವ ಎಮ್ಮೆಯ ಚಿತ್ರ. ಬೆರಳಿನಿಂದ ಹಿಗ್ಗಿಸಿ, ಗುರುತಿನ ಸಂಖ್ಯೆಯ ಪ್ಲಾಸ್ಟಿಕ್ ಓಲೆ ಇದ್ದ ಕಿವಿಯನ್ನು ತೋರಿಸುತ್ತಿದ್ದರು. ಕಿವಿಯ ನಡುವಿನಿಂದ ಅಂಚಿನವರೆಗೆ ಸೀಳು, ಸೀಳಿನ ಎರಡೂ ಬದಿ ಮಾಗಿ ಗಟ್ಟಿಯಾಗಿದೆ.

"ಸಾಹೇಬರೇ, ಓಲೆ ಇಲ್ಲೇ ಇತ್ತು ನೋಡಿ. ಜಾಲಿ ಕಂಟಿಗೆ ಸಿಕ್ಕು ಹರಿದುಹೋಯಿತು."

ಸಾಹೇಬರು ತಲೆ ಎತ್ತಲಿಲ್ಲ. "ಓಲೆ ತಂದುಕೊಡಿ. ಅದಿಲ್ಲದೆ ಇದು ಅದೇ ಎಮ್ಮೆ ಎಂದು ಹೇಗೆ ನಂಬುವುದು?"

ದನದ ಡಾಕ್ಟರ ಮರಣೋತ್ತರ ಪರೀಕ್ಷೆಯ ವರದಿ ಇತ್ತು. ವಿಮೆ ಮಾಡಿಸಿದಾಗಿನ ಚಿತ್ರವಿತ್ತು, ಎರಡರಲ್ಲೂ ಅದೇ ಕೊಂಬು, ಹಣೆಯ ಮೇಲೆ ಅದೇ ಬಿಳಿ ಚುಕ್ಕೆ. ಆದರೂ ಊರ ಸುತ್ತಲಿನ ಬಳ್ಳಾರಿ ಜಾಲಿಯೊಳಗೆ ಹೊಕ್ಕು ಅಂಗೈಯಗಲದ ಹಳದಿ ತುಂಡನ್ನು ಇವರು ಹುಡುಕಿ ತರಬೇಕಂತೆ. 80,000 ರೂಪಾಯಿಯ ಎಮ್ಮೆಗಿಂತ ಪ್ಲಾಸ್ಟಿಕ್ಕಿನ ಮಾತೇ ಹೆಚ್ಚು ನಂಬಿಕೆಗೆ ಅರ್ಹ!

ನನ್ನ ಕೊಟ್ಟಿಗೆಯ ಕಥೆ ಗೊತ್ತಿರುವವರಿಗೆ ಹೊಸದಾಗಿ ಹೇಳಬೇಕಿಲ್ಲ. ಮದುವೆಯ ತಾರೀಕು ಮರೆತರೂ ಯಾವ ಎಮ್ಮೆ ಯಾವ ಅಮಾವಾಸ್ಯೆಗೆ ಈಯಿತು ಎಂಬುದನ್ನು ಮರೆಯದ ಹೆಂಗಸು ನಾನು. (ಯಜಮಾನರು ಇದನ್ನು ಓದದಿರಲಿ.) ನಮ್ಮ ಎಮ್ಮೆಗಳ ಕಿವಿಯಲ್ಲೂ 12 ಅಂಕಿಯ ಓಲೆಗಳಿವೆ. 2019ರಲ್ಲಿ ಕೇಂದ್ರ ಸರ್ಕಾರ ಕಾಲುಬಾಯಿ ಜ್ವರ ಮತ್ತು ಬ್ರುಸೆಲ್ಲಾ ರೋಗದ ವಿರುದ್ಧ ಲಸಿಕೆ ಕಾರ್ಯಕ್ರಮ ಆರಂಭಿಸಿದ ಮೇಲೆ ಓಲೆ ಹಾಕುವ ಕೆಲಸ ಊರೂರಿಗೆ ಬಂತು. ಈಗ ಆ ಸಂಖ್ಯೆಯ ಜೊತೆ ಮಾಲೀಕರ ಹೆಸರು, ಲಸಿಕೆ, ಗರ್ಭಧಾರಣೆ ಎಲ್ಲವೂ 'ಭಾರತ್ ಪಶುಧನ್' ಎಂಬ ಸರ್ಕಾರಿ ಆನ್‌ಲೈನ್ ವ್ಯವಸ್ಥೆಯಲ್ಲಿ ದಾಖಲಾಗುತ್ತವೆ. ಒಳ್ಳೆಯದೇ. ಆದರೆ ಆ ದಾಖಲೆಯೆಲ್ಲ ಕಚೇರಿಯ ಕಂಪ್ಯೂಟರಿನಲ್ಲಿ ಭದ್ರವಾಗಿರುವಾಗ, ಕಿವಿಯ ತುಂಡೊಂದು ಉದುರಿದ ಕೂಡಲೇ ಎಮ್ಮೆಯೇ ಇರಲಿಲ್ಲ ಎನ್ನುವುದು ಯಾವ ನ್ಯಾಯ?

ಓಲೆ ಉದುರುವುದೇನು ಅಪರೂಪವೇ? ಕಿವಿಯ ರಕ್ತನಾಳಗಳನ್ನು ತಪ್ಪಿಸಿ, ಎರಡು ಏಣುಗಳ ನಡುವೆ ಚುಚ್ಚಬೇಕು. ಶಿಬಿರದ ದಿನ ಇಡೀ ಓಣಿಯ ದನಗಳು ಸಾಲುಗಟ್ಟಿದಾಗ, ಅಂಚಿಗೆ ಹತ್ತಿರ ಚುಚ್ಚಿ ಕೈತೊಳೆದುಕೊಳ್ಳುವವರೂ ಇದ್ದಾರೆ. ಮಳೆಗಾಲದಲ್ಲಾದರೆ ಗಾಯಕ್ಕೆ ನೊಣ ಕೂತು ಹುಳ ಬೀಳುತ್ತದೆ. ಬೇವಿನೆಣ್ಣೆ ಹಚ್ಚುವುದು, ಹುಳ ತೆಗೆಯುವುದು, ಒದೆಸಿಕೊಳ್ಳುವುದು ಎಲ್ಲ ನಮ್ಮ ಪಾಲು. ಅದಾದ ಮೇಲೆ ಗೋದಲಿಯ ಸಂದಿಗೆ ಸಿಕ್ಕಿಯೋ, ಕಂಟಿಗೆ ಸಿಕ್ಕಿಯೋ ಒಂದು ದಿನ ಕಿವಿ ಹರಿಯುತ್ತದೆ. ಹೊಸ ಓಲೆ ಹಾಕಿಸಿ ವಿಮೆಯವರಿಗೂ ತಿಳಿಸಬೇಕೆಂಬ ನಿಯಮವಿದೆ, ಒಪ್ಪುತ್ತೇನೆ. ಆದರೆ ಪಶು ಆಸ್ಪತ್ರೆಗೆ ಹೋದರೆ "ಓಲೆ ದಾಸ್ತಾನು ಬಂದಿಲ್ಲ, ಮುಂದಿನ ಶಿಬಿರಕ್ಕೆ ಬನ್ನಿ" ಎನ್ನುತ್ತಾರೆ. ಶಿಬಿರ ಬರುವವರೆಗೆ ಸಾಯಬೇಡ ಎಂದು ಎಮ್ಮೆಗೆ ನೋಟಿಸ್ ಕೊಡೋಣವೇ?

ಇದನ್ನು ಹೇಳಿದರೆ ನಮ್ಮ ಓದಿದ ಗೆಳೆಯರು ತಕ್ಷಣ ಪರಿಹಾರ ಕೊಡುತ್ತಾರೆ: "ಅಕ್ಕಾ, ಎಲೆಕ್ಟ್ರಾನಿಕ್ ಓಲೆ ಬರಲಿ, ಎಲ್ಲವೂ ಸರಿಹೋಗುತ್ತದೆ. ಅಮೆರಿಕದಲ್ಲಿ ಬಂದಾಗಿದೆ." ಬಂದಿದೆ, ನಾನೂ ಓದಿದ್ದೇನೆ. 2024ರ ನವೆಂಬರ್ 5ರಿಂದ ಅಲ್ಲಿ ಒಂದು ರಾಜ್ಯದಿಂದ ಇನ್ನೊಂದಕ್ಕೆ ಸಾಗಿಸುವ ಹಾಲಿನ ದನಗಳಿಗೆ ಮತ್ತು 18 ತಿಂಗಳು ತುಂಬಿದ, ಸಂತಾನಶಕ್ತಿ ತೆಗೆಯದ ಇತರ ದನಗಳಿಗೆ ಅಧಿಕೃತ ಓಲೆ ಹಾಕುವುದಾದರೆ, ಅದು ಕಣ್ಣಿಗೂ ಯಂತ್ರಕ್ಕೂ ಓದಲು ಬರುವಂತಿರಬೇಕು. ಅದಕ್ಕಾಗಿ ಅಲ್ಲಿನ ಸಂಸತ್ತು 1.5 ಕೋಟಿ ಡಾಲರ್ ತೆಗೆದಿಟ್ಟಿತು. ಆದರೂ ಸಾಕಣೆದಾರರ ಒಂದು ಸಂಘಟನೆ ಕೋರ್ಟಿಗೆ ಹೋಯಿತು. ಅಂದರೆ ಅಷ್ಟು ಅನುಕೂಲವಿರುವವರಿಗೂ ಇದು ಹೊರೆ ಎನಿಸಿದೆ. ಇನ್ನು ಅದರಲ್ಲಿ ಜಿಪಿಎಸ್ ಇರುತ್ತದೆ, ಎಮ್ಮೆ ಎಲ್ಲಿದೆ ಎಂದು ಮೊಬೈಲಿನಲ್ಲಿ ಕಾಣುತ್ತದೆ ಎನ್ನುವವರಿಗೆ ದೊಡ್ಡ ನಮಸ್ಕಾರ. ಅದಕ್ಕೆ ಬ್ಯಾಟರಿಯೇ ಇರುವುದಿಲ್ಲ. ಓದುವ ಯಂತ್ರವನ್ನು ಕಿವಿಯ ಹತ್ತಿರ ಹಿಡಿದರೆ ಮಾತ್ರ ಸಂಖ್ಯೆ ಹೇಳುತ್ತದೆ. ಕಂಟಿಯೊಳಗೆ ಬಿದ್ದ ಮೇಲೆ ಅದೂ ಮೂಕವೇ. ನೇತಾಡುವುದು ಅದೇ ಕಿವಿಗೆ, ಹರಿಯುವುದು ಅದೇ ಜಾಲಿಗೆ. ಬೆಲೆ ಮಾತ್ರ ಹೆಚ್ಚು.

ರೋಗ ತಡೆಯಲು ಗುರುತು ಬೇಡವೇ ಎನ್ನಬೇಡಿ. 2022ರಲ್ಲಿ ಚರ್ಮಗಂಟು ರೋಗ ಬಂದಾಗ ನಮ್ಮ ಓಣಿಯಲ್ಲಿ ಕರುಗಳು ಗಂಟುಕಟ್ಟಿ ನರಳಿದ್ದನ್ನು ನೋಡಿದವಳು ನಾನು. ಲಸಿಕೆಯ ಲೆಕ್ಕ ಎಷ್ಟು ಮುಖ್ಯ ಎಂದು ನನಗೆ ಯಾರೂ ಪಾಠ ಮಾಡಬೇಕಿಲ್ಲ. ಗುರುತು ಇರಲಿ. ಗುರುತು ಕಳೆದಾಗ ಶಿಕ್ಷೆ ಮಾತ್ರ ಸಾಕಿದವರಿಗೇ ಏಕೆ? ಚುಚ್ಚಿದವರಿಗಿಲ್ಲ, ದಾಸ್ತಾನು ತರಿಸದವರಿಗಿಲ್ಲ, ಕಂತು ಕಟ್ಟಿಸಿಕೊಂಡವರಿಗಂತೂ ಇಲ್ಲವೇ ಇಲ್ಲ.

ಆ ರೈತರು ಜಗಳವಾಡಲಿಲ್ಲ. ಕಾಗದಗಳನ್ನು ಮಡಚಿ ಗೊಬ್ಬರದ ಕಂಪನಿಯ ಕೈಚೀಲದಲ್ಲಿ ಇಟ್ಟುಕೊಂಡು ಹೊರಟರು. ಜಗಳವಾಡಿದ್ದು ನಾನು, ನನ್ನ ಸ್ಕೂಟರಿನ ಕೆಲಸವೂ ಕೆಟ್ಟಿತು. ಹೊರಗೆ ಅವರನ್ನು ನಿಲ್ಲಿಸಿ, ವಿಮೆ ಹಣ ನಿರಾಕರಿಸಿದ್ದನ್ನು ಲಿಖಿತವಾಗಿ ಕೊಡಿ ಎಂದು ಕೇಳುವ ಅರ್ಜಿ ಬರೆದುಕೊಟ್ಟಿದ್ದೇನೆ. ಉತ್ತರ ಬಂದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುವುದು. 5 ಲಕ್ಷದೊಳಗಿನ ದೂರಿಗೆ ಶುಲ್ಕವಿಲ್ಲ, ವಕೀಲರು ಕಡ್ಡಾಯವೂ ಅಲ್ಲ. ಆದರೂ ಜಾನುವಾರು ವಿಮೆಯ ಪ್ರಕರಣ ನಡೆಸಿದ ವಕೀಲರು ಕೊಪ್ಪಳದಲ್ಲೋ ಗಂಗಾವತಿಯಲ್ಲೋ ಯಾರಾದರೂ ಇದ್ದರೆ ಇನ್‌ಬಾಕ್ಸಿಗೆ ಬನ್ನಿ.